ಆಣೆ ಮಾಡಿಸಿ ದುಡ್ಡು ಕೊಟ್ಟವರು ನಮ್ಮ ಪಕ್ಷದವರೇ, ಈಗ ಏನು ಮಾಡೋದು?

ಪ್ರಶ್ನೆ: ನಾನು ಗುಬ್ಬಿ ತಾಲ್ಲೂಕಿನವನು. ನಮ್ಮಪ್ಪನ ಕಾಲದಿಂದ ನಮ್ಮ ಮನೆಯ ವೋಟು ಒಂದೇ ಪಕ್ಷಕ್ಕೆ. ದೇವರು, ಧರ್ಮ, ಹಿರಿಯರ ಮಾತು ಇವನ್ನೆಲ್ಲ ನಂಬುವ ಮನೆ. ಕಳೆದ ಚುನಾವಣೆಯ ಹಿಂದಿನ ರಾತ್ರಿ ನಮ್ಮ ಪಕ್ಷದವರೇ ಬಂದು ಆಣೆ ಮಾಡಿಸಿ ದುಡ್ಡು ಕೊಟ್ಟು ಹೋದರು. ನಾವು ಹೇಗೂ ಅವರಿಗೇ ಹಾಕುವವರು. ಆದರೂ ಮನಸ್ಸಿಗೆ ಕಸಿವಿಸಿ. ಮುಂದೆ ಇಂಥ ಆಣೆ ಮುರಿದರೆ ಪಾಪವಾ? ನಮ್ಮವರ ಮೇಲೆ ನಾವೇ ದೂರು ಕೊಟ್ಟರೆ ಉಂಡ ಮನೆಗೆ ಎರಡು ಬಗೆದ ಹಾಗಾ? ಆ ದುಡ್ಡನ್ನು ಹುಂಡಿಗೆ ಹಾಕಿಬಿಡಲಾ?

ಉತ್ತರ: ತುಮಕೂರಿನಿಂದ, ಕೋಲಾರದಿಂದ, ಚಿಕ್ಕಬಳ್ಳಾಪುರದಿಂದ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ನಿಮ್ಮ ಥರದವರೇ. ಹಳೇ ನಡತೆಯ ಜನ, ಮಾತಿಗೆ ಬೆಲೆ ಕೊಡುವವರು. ಆಣೆಗೆ ಹೆದರದವನಿಗೆ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ದುಡ್ಡು ತಗೊಂಡು ತನಗಿಷ್ಟ ಬಂದವರಿಗೆ ಒತ್ತಿ ಬರುತ್ತಾನೆ. ಸಿಕ್ಕಿಬೀಳುವವರು ನಿಮ್ಮಂಥವರು. ಅದಕ್ಕೇ ಈ ಪದ್ಧತಿ ನನಗೆ ಜಾಸ್ತಿ ಅಸಹ್ಯ.

ಪದ್ಧತಿ ನಿಮಗೆ ಗೊತ್ತೇ ಇದೆ. ಪೇಪರಿನವರು ಕತ್ತಲ ರಾತ್ರಿ ಎನ್ನುವ ಆ ರಾತ್ರಿ ಇಬ್ಬರು ಬಂದು ಬಾಗಿಲು ತಟ್ಟುತ್ತಾರೆ. ಒಬ್ಬನ ಕೈಯಲ್ಲಿ ಮತದಾರರ ಪಟ್ಟಿಯ ಜೆರಾಕ್ಸು, ಮೊಬೈಲ್ ಟಾರ್ಚು. "ಅಕ್ಕಾ, ನಿಮ್ಮನೇಲಿ ಐದು ವೋಟು. ಮಗಳು ಮದುವೆಯಾಗಿ ಹೋದಳಲ್ಲ, ನಾಲ್ಕು" ಎಂದು ಒಂದು ಹೆಸರಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯುತ್ತಾನೆ. ಇನ್ನೊಬ್ಬ ಎಲೆ ಅಡಿಕೆಯ ಜೊತೆ ನೋಟು ಹಿಡಿದು "ಮಂಜುನಾಥನ ಮೇಲೆ ಆಣೆ ಇಡಿ" ಎನ್ನುತ್ತಾನೆ. ಎರಡೇ ನಿಮಿಷ. ಆಮೇಲೆ ಪಕ್ಕದ ಮನೆ.

ಮೊದಲು ಆಣೆಯ ವಿಷಯ ಮುಗಿಸೋಣ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಲ್ಲಿ ಚುನಾವಣೆಯ ಭ್ರಷ್ಟ ಆಚರಣೆಗಳ ಪಟ್ಟಿ ಇದೆ. ಮೊದಲನೆಯದು ಲಂಚ. ಎರಡನೆಯದು ಮತದಾರನ ಮೇಲೆ ಸಲ್ಲದ ಒತ್ತಡ ಹಾಕುವುದು. ಹೀಗೆ ಮಾಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀಯ ಎಂದು ಮತದಾರನನ್ನು ನಂಬಿಸುವುದೂ ಆ ಒತ್ತಡದಲ್ಲೇ ಸೇರುತ್ತದೆ ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ಅಂದರೆ ಅಂದು ನಿಮ್ಮ ಮನೆ ಬಾಗಿಲಲ್ಲಿ ಎರಡು ತಪ್ಪು ನಡೆದವು. ನೋಟು ಒಂದು, ಆಣೆ ಇನ್ನೊಂದು. ಕಾನೂನಿಗೆ ವಿರುದ್ಧವಾದ ಕೆಲಸಕ್ಕೆ ಮಾಡಿಕೊಂಡ ಒಪ್ಪಂದ ಲೆಕ್ಕಕ್ಕೇ ಇಲ್ಲ ಎಂದು 1872ರ ಕರಾರು ಕಾಯ್ದೆಯೂ ಹೇಳುತ್ತದೆ. ಕಾನೂನಿನ ಮಟ್ಟಿಗೆ ಆ ಆಣೆಗೆ ಕಾಸಿನ ಕಿಮ್ಮತ್ತಿಲ್ಲ.

ಪಾಪದ ಮಾತು ಬೇರೆ. ಶಾಸ್ತ್ರ ಹೇಳುವವನು ನಾನಲ್ಲ. ಆದರೆ ದೇವರ ಹೆಸರು ಹಿಡಿದು ವ್ಯಾಪಾರಕ್ಕೆ ಇಳಿದವರು ಅವರು, ನೀವಲ್ಲ. ಲೆಕ್ಕ ಕೇಳುವುದಾದರೆ ದೇವರು ಮೊದಲು ಯಾರನ್ನು ಕೇಳಬೇಕು, ನೀವೇ ಹೇಳಿ.

ಇನ್ನು ಕಹಿ ಮಾತು. ಲಂಚ ಕೊಟ್ಟವನಂತೆ ತಗೊಂಡವನೂ ತಪ್ಪಿತಸ್ಥ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ ಇಬ್ಬರನ್ನೂ ಸೇರಿಸಿಯೇ ಹೇಳುತ್ತದೆ. ಶಿಕ್ಷೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಹಳೆಯ ದಂಡಸಂಹಿತೆಯಲ್ಲೂ ಹೀಗೇ ಇತ್ತು. "ನಾವು ಹೇಗೂ ಅವರಿಗೇ ಹಾಕುವವರು" ಎಂಬುದು ಸಮಜಾಯಿಷಿ ಆಗುವುದಿಲ್ಲ. ಬಾಡೂಟ ಹಾಕಿಸಿದರೂ ತಪ್ಪೇ, ಆದರೆ ಅದಕ್ಕೆ ದಂಡ ಮಾತ್ರ.

ಇಲ್ಲಿ ಒಂದು ಅಡ್ಡಪ್ರಶ್ನೆ ಬಂದೇ ಬರುತ್ತದೆ. ಗ್ಯಾರಂಟಿ ಯೋಜನೆಗಳೂ ಲಂಚವೇ ಅಲ್ವಾ? ನಿಮ್ಮ ಸಿಟ್ಟು ಅರ್ಥವಾಗುತ್ತದೆ, ನನಗೂ ಅವುಗಳ ಬಗ್ಗೆ ತಕರಾರಿದೆ. ಆದರೆ ಪ್ರಣಾಳಿಕೆಯಲ್ಲಿ ಕೊಟ್ಟ ಭರವಸೆ 123ನೇ ಕಲಮಿನ ಭ್ರಷ್ಟ ಆಚರಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಅದು ತಮಿಳುನಾಡಿನ ಟಿ.ವಿ., ಮಿಕ್ಸಿ ಭರವಸೆಗಳ ಕೇಸು. ಬಜೆಟ್ಟಿನಲ್ಲಿ ಬರುವ ದುಡ್ಡಿಗೆ ವಿಧಾನಸಭೆಯಲ್ಲಿ ಲೆಕ್ಕ ಕೇಳಬಹುದು. ಎಲೆ ಅಡಿಕೆಯ ಜೊತೆ ಬರುವ ದುಡ್ಡಿಗೆ ಲೆಕ್ಕವೇ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲಾಭ ಆಗುವುದು ನಿಮ್ಮ ಮನೆಗೆ ಬಂದ ಆ ಇಬ್ಬರಿಗೆ.

ಈಗ ದ್ರೋಹದ ಪ್ರಶ್ನೆ. ನಮ್ಮ ಕಡೆ ಇಂಥ ಮಾತು ಬಂದಾಗ ತಟ್ಟನೆ ಕರ್ಣನನ್ನು ನೆನೆಯುತ್ತಾರೆ. ಅನ್ನದ ಋಣ, ಕೊನೆಯವರೆಗೂ ಜೊತೆಗಿದ್ದ ಎಂದು. ಅದೇ ಕಡೆ ವಿಕರ್ಣನೂ ಇದ್ದ. ದುರ್ಯೋಧನನ ಸ್ವಂತ ತಮ್ಮ. ದ್ರೌಪದಿಯನ್ನು ಸಭೆಗೆ ಎಳೆದು ತಂದಾಗ ಭೀಷ್ಮ ದ್ರೋಣರಂಥವರೇ ತಲೆ ತಗ್ಗಿಸಿ ಕೂತಿದ್ದರು. ಇದು ಅಧರ್ಮ ಎಂದು ತುಂಬಿದ ಸಭೆಯಲ್ಲಿ ಎದ್ದು ಹೇಳಿದವನು ಈ ಹುಡುಗ. ಅವನನ್ನು ಗದರಿಸಿದವನು ಕರ್ಣ. ವಿಕರ್ಣ ಪಕ್ಷ ಬಿಟ್ಟು ಹೋಗಲಿಲ್ಲ, ಅಣ್ಣನ ಕಡೆಯೇ ಯುದ್ಧ ಮಾಡಿ ಸತ್ತ. ತನ್ನವರ ತಪ್ಪನ್ನು ತಪ್ಪು ಎನ್ನುವುದಕ್ಕೂ ತನ್ನವರ ಜೊತೆ ಇರುವುದಕ್ಕೂ ಅವನಿಗೆ ಜಗಳ ಇರಲಿಲ್ಲ.

ಪಕ್ಷದ ನಾಯಕರು ನಿಷ್ಠೆಯ ಪಾಠ ಹೇಳಿದಾಗ ಅವರ ನಿಷ್ಠೆ ಎಷ್ಟಿದೆ ಎಂದೂ ನೋಡಿ. 2022ರ ಜೂನ್‌ನಲ್ಲಿ ರಾಜ್ಯಸಭೆ ಚುನಾವಣೆ ನಡೆಯಿತು. ಕೋಲಾರದ ಜೆಡಿಎಸ್ ಶಾಸಕ ಕೆ. ಶ್ರೀನಿವಾಸಗೌಡರು ಕಾಂಗ್ರೆಸ್ಸಿಗೆ ವೋಟು ಹಾಕಿ, ಹೌದು ಹಾಕಿದೆ ಎಂದು ಕ್ಯಾಮೆರಾ ಮುಂದೆಯೇ ಹೇಳಿದರು. ನಿಮ್ಮ ಗುಬ್ಬಿಯ ಎಸ್.ಆರ್. ಶ್ರೀನಿವಾಸ್ ಅವರ ಮೇಲೂ ಪಕ್ಷ ಅನುಮಾನಪಟ್ಟಿತು. ಇಬ್ಬರನ್ನೂ ಉಚ್ಚಾಟಿಸಿತು. ಆದರೆ ಶಾಸಕ ಸ್ಥಾನ ಹೋಗಲಿಲ್ಲ. ರಾಜ್ಯಸಭೆ ಚುನಾವಣೆಯ ಅಡ್ಡಮತಕ್ಕೆ ಪಕ್ಷಾಂತರ ಕಾಯ್ದೆ ತಗುಲುವುದಿಲ್ಲ. 2019ರಲ್ಲಿ ಚಿಕ್ಕಬಳ್ಳಾಪುರದ ಕೆ. ಸುಧಾಕರ್ ಕಾಂಗ್ರೆಸ್ ಶಾಸಕರಾಗಿದ್ದವರು ರಾಜೀನಾಮೆ ಕೊಟ್ಟು ಅನರ್ಹರಾದರು. ಅದೇ ಡಿಸೆಂಬರಿನಲ್ಲಿ ಬಿಜೆಪಿಯಿಂದ ಗೆದ್ದು ಬಂದರು. ಅನರ್ಹ ಮಾಡಿದ ಸ್ಪೀಕರ್ ರಮೇಶ್ ಕುಮಾರ್ ಪಕ್ಕದ ಶ್ರೀನಿವಾಸಪುರದವರು. ನಾಯಕರು ಹೀಗೆ ಹಗಲಲ್ಲೇ ಮನೆ ಬದಲಿಸುವಾಗ ನೀವು ಒಂದು ದೂರು ಕೊಟ್ಟರೆ ಅದು ದ್ರೋಹವಾ? ನನಗೇನೋ ಹಾಗೆ ಕಾಣುವುದಿಲ್ಲ.

ದೂರು ಕೊಟ್ಟರೆ ಏನಾದರೂ ಆಗುತ್ತದಾ? ನಿಮ್ಮ ಜಿಲ್ಲೆಯದೇ ಕತೆ ಇದೆ. 2018ರಲ್ಲಿ ತುಮಕೂರು ಗ್ರಾಮಾಂತರದಲ್ಲಿ ಜೆಡಿಎಸ್‌ನ ಡಿ.ಸಿ. ಗೌರಿಶಂಕರ್ ಗೆದ್ದರು. ಸೋತ ಬಿಜೆಪಿಯ ಬಿ. ಸುರೇಶ್ ಗೌಡರು, ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ್ದಾರೆ ಎಂದು ಹೈಕೋರ್ಟಿಗೆ ಹೋದರು. 2023ರ ಮಾರ್ಚ್ ಕೊನೆಯಲ್ಲಿ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧು ಮಾಡಿತು. ಆದರೆ ತಾರೀಖು ನೋಡಿ. ಐದು ವರ್ಷದ ಅವಧಿ ಮುಗಿಯುತ್ತಾ ಬಂದಿತ್ತು, ಮುಂದಿನ ಚುನಾವಣೆ ಘೋಷಣೆ ಆಗಿಬಿಟ್ಟಿತ್ತು. ಸುಪ್ರೀಂ ಕೋರ್ಟಿಗೆ ಹೋಗಿ ಅವರು ಮತ್ತೆ ಸ್ಪರ್ಧೆಗೂ ನಿಂತರು. ಅವರನ್ನು ಸೋಲಿಸಿದ್ದು ಕೋರ್ಟಲ್ಲ, 2023ರ ಮೇನಲ್ಲಿ ಮತದಾರರು. ಆಯ್ಕೆಯನ್ನು ಪ್ರಶ್ನಿಸುವ ಇಂಥ ಚುನಾವಣಾ ಅರ್ಜಿ ಆರು ತಿಂಗಳಲ್ಲಿ ಮುಗಿಯುವಂತೆ ನೋಡಿಕೊಳ್ಳಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ! ಇಂಥ ಅರ್ಜಿಯನ್ನು ಸೋತ ಅಭ್ಯರ್ಥಿಯೇ ಹಾಕಬೇಕು ಎಂದೇನೂ ಇಲ್ಲ. ಆ ಕ್ಷೇತ್ರದ ಯಾವ ಮತದಾರ ಬೇಕಾದರೂ ಫಲಿತಾಂಶ ಬಂದ 45 ದಿನದೊಳಗೆ ಹೈಕೋರ್ಟಿಗೆ ಹಾಕಬಹುದು. ಠೇವಣಿ 2,000 ರೂಪಾಯಿ. ಲಾಯರ್ ಖರ್ಚಿನ ಮಾತು ಬೇರೆ.

ಅಷ್ಟು ದೂರ ಹೋಗುವುದು ಎಲ್ಲರ ಕೈಲಾಗುವ ಮಾತಲ್ಲ. ಆ ರಾತ್ರಿಯೇ ಮಾಡಬಹುದಾದದ್ದು ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ದೂರು. ನೀತಿ ಸಂಹಿತೆ ಜಾರಿಯಲ್ಲಿರುವಾಗ ಮಾತ್ರ ಕೆಲಸ ಮಾಡುತ್ತದೆ. ಫೋಟೋ, ವಿಡಿಯೋ ಅಲ್ಲೇ ತೆಗೆಯಬೇಕು, ವಾಟ್ಸಾಪಿನಲ್ಲಿ ಬಂದದ್ದನ್ನು ಹಾಕಲು ಆಗುವುದಿಲ್ಲ. ಜಾಗ ಎಲ್ಲಿ ಎಂಬುದು ತಾನಾಗಿ ದಾಖಲಾಗುತ್ತದೆ. 100 ನಿಮಿಷದೊಳಗೆ ಕ್ರಮ ಆಗಬೇಕು ಎಂಬುದು ಆಯೋಗದ ಲೆಕ್ಕ. ಹೆಸರು ಹೇಳದೆಯೂ ದೂರು ಕೊಡಬಹುದು. ನಿಮ್ಮೂರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ ಆದ್ದರಿಂದ ಇದು ಮುಖ್ಯ. ಆದರೆ ಗ್ರಾಮ ಪಂಚಾಯಿತಿ ಚುನಾವಣೆ ರಾಜ್ಯ ಚುನಾವಣಾ ಆಯೋಗದ ಪಾಲು. ಅಲ್ಲಿ ತಹಶೀಲ್ದಾರರ ಕಡೆ ಹೋಗಬೇಕು. (ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಗಿನ ಬಿಜೆಪಿ ಸರ್ಕಾರವೂ ಚುನಾವಣೆ ಮುಂದೂಡಿತು, ಆಮೇಲೆ ಬಂದ ಕಾಂಗ್ರೆಸ್ ಸರ್ಕಾರವೂ ಮುಂದೂಡಿತು. ಚುನಾವಣೆಯನ್ನೇ ಮಾಡದಿರುವುದೂ ಒಂದು ಅಕ್ರಮವೇ, ಆದರೆ ಅದಕ್ಕೆ ಆ್ಯಪ್ ಇಲ್ಲ.)

ದೂರು ಕೊಟ್ಟರೆ, ಬೇರೆಯವರಿಗೆ ವೋಟು ಹಾಕಿದರೆ ಗೊತ್ತಾಗಿಬಿಡುತ್ತದೆ ಎಂಬ ಭಯವೂ ಇದೆ. ನಿಮ್ಮ ಒಬ್ಬರ ವೋಟು ಯಾರಿಗೂ ಗೊತ್ತಾಗುವುದಿಲ್ಲ. ಯಾರಿಗೆ ಹಾಕಿದೆ ಹೇಳು ಎಂದು ಕೋರ್ಟಿನಲ್ಲೂ ನಿಮ್ಮನ್ನು ಬಲವಂತ ಮಾಡುವಂತಿಲ್ಲ. ಆದರೆ ಬೂತ್‌ವಾರು ಲೆಕ್ಕ ಹೊರಗೆ ಬರುತ್ತದೆ, ಅದು ನಿಜ. "ನಿಮ್ಮ ಬೀದಿಯಲ್ಲಿ ಕೈಕೊಟ್ಟರು" ಎಂದು ಮುಖಂಡರು ಗುರ್ ಎನ್ನುವುದು ಅದನ್ನು ನೋಡಿಯೇ.

ಇಷ್ಟೆಲ್ಲ ಹೇಳಿದರೂ ನಿಮ್ಮಂಥವರಿಗೆ ದೂರಿಗಿಂತ ಒಳ್ಳೆಯ ಕೆಲಸ ಒಂದಿದೆ. ಬೂತಿನಲ್ಲಿ ನಿಮ್ಮ ಪಕ್ಷದ ಏಜೆಂಟಾಗಿ ಕೂತುಕೊಳ್ಳಿ.

ಚುನಾವಣೆ ಶುದ್ಧವಾಗಿ ನಡೆಯಲಿ ಎನ್ನುವವರೆಲ್ಲ ಈಗ ವೋಟಿಂಗ್ ಮಷೀನಿನ ಮೇಲೆ ಮುಗಿಬೀಳುತ್ತಾರೆ. ಸೋತವರು ಮಷೀನ್ ಬೈಯುವುದು ಹೊಸದೇನಲ್ಲ. 2009ರಲ್ಲಿ ಸೋತಾಗ ಬ್ಯಾಲೆಟ್ ಪೇಪರೇ ಮತ್ತೆ ಬರಲಿ ಎಂದವರಲ್ಲಿ ಬಿಜೆಪಿಯ ಎಲ್.ಕೆ. ಅಡ್ವಾಣಿಯವರೂ ಇದ್ದರು. ಈಗ ಆ ಮಾತು ಬಿಜೆಪಿಯ ಎದುರಾಳಿಗಳ ಕಡೆಗೆ ಹೋಗಿದೆ. ಆದರೆ ಮಷೀನನ್ನು ಕಣ್ಣಾರೆ ನೋಡಿ ಒಪ್ಪಬೇಕಾದವನು ಏಜೆಂಟು. ಮತದಾನ ಶುರುವಾಗುವ ಮೊದಲು ಏಜೆಂಟರ ಎದುರು ಕನಿಷ್ಠ 50 ಅಣಕು ಮತ ಹಾಕಿ ತೋರಿಸಬೇಕು, ಆಮೇಲೆ ಅದನ್ನು ಅಳಿಸಬೇಕು. ಸಂಜೆ ಮುಗಿದಾಗ ಒಟ್ಟು ಎಷ್ಟು ವೋಟು ಬಿತ್ತು ಎಂದು ಬರೆದ 17ಸಿ ಫಾರಂನ ಪ್ರತಿ ಏಜೆಂಟಿನ ಕೈಗೆ ಕೊಡಬೇಕು. ಎಣಿಕೆಯ ದಿನ ಮಷೀನ್ ತೋರಿಸುವ ಸಂಖ್ಯೆ ಅದಕ್ಕೆ ತಾಳೆಯಾಗಬೇಕು. ಆ ಒಂದು ಹಾಳೆಯನ್ನು ಜೋಪಾನ ಮಾಡುವ ಏಜೆಂಟು ಟಿ.ವಿ. ಚರ್ಚೆಗಿಂತ ಜಾಸ್ತಿ ಕೆಲಸ ಮಾಡುತ್ತಾನೆ. ಮಧ್ಯಾಹ್ನದ ಬಿರಿಯಾನಿಗೆ ಎದ್ದು ಹೋಗಿ ಸಂಜೆ ಬರುವವನು ಏಜೆಂಟಲ್ಲ, ನೆಂಟ.

ಕೋಲಾರ ಜಿಲ್ಲೆಯ ಮಾಲೂರನ್ನೇ ನೋಡಿ. 2023ರಲ್ಲಿ ಕಾಂಗ್ರೆಸ್ಸಿನ ಕೆ.ವೈ. ನಂಜೇಗೌಡರು ಗೆದ್ದದ್ದು ಬರೀ 248 ಮತಗಳಿಂದ. ಸೋತ ಬಿಜೆಪಿಯ ಮಂಜುನಾಥ ಗೌಡರು ಕೋರ್ಟಿಗೆ ಹೋದರು. ಎಣಿಕೆಯ ವಿಡಿಯೋವನ್ನು ಅಧಿಕಾರಿಗಳು ಕೋರ್ಟಿನ ಮುಂದೆ ತರಲಾಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಆಯ್ಕೆ ಅಸಿಂಧು ಎಂದು ಹೇಳಿ ಮರುಎಣಿಕೆಗೆ ಆದೇಶ ಮಾಡಿತು. ಸುಪ್ರೀಂ ಕೋರ್ಟ್ ಶಾಸಕರ ಸ್ಥಾನ ಹೋಗದಂತೆ ತಡೆ ಕೊಟ್ಟು, ಮರುಎಣಿಕೆ ನಡೆಯಲಿ ಎಂದಿತು. ಮಷೀನು ಕೆಟ್ಟಿತ್ತೋ ಇಲ್ಲವೋ, ಕಾಗದ ಪತ್ರ, ವಿಡಿಯೋ ಸರಿಯಾಗಿ ಇಟ್ಟಿದ್ದರೆ ಇಷ್ಟು ವರ್ಷ ಜಗಳ ಎಳೆಯುತ್ತಿರಲಿಲ್ಲ.

ಮತದಾರರ ಪಟ್ಟಿಯದೂ ಅದೇ ಪಾಡು. ನಿಮ್ಮ ಮನೆಗೆ ಬಂದವನು ಮದುವೆಯಾಗಿ ಹೋದ ಮಗಳ ಹೆಸರಿಗೆ ಗೆರೆ ಎಳೆದನಲ್ಲ, ಆ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ ಎಂದು ಅವನಿಗೆ ಗೊತ್ತು. ದುಡ್ಡು ಉಳಿಸಲು ಗೊತ್ತು, ಪಟ್ಟಿ ಸರಿ ಮಾಡಿಸಲು ಗೊತ್ತಿಲ್ಲ! ಊರು ಬಿಟ್ಟವರದು, ಸತ್ತವರದು ತೆಗೆಸಲು ಫಾರಂ 7 ಇದೆ. ಆದರೆ ಅದೇ ಫಾರಂ 7 ಬದುಕಿರುವವರ ಹೆಸರು ಹೊಡೆಯಲೂ ಬಳಕೆಯಾಗಿದೆ. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಹೆಸರು ತೆಗೆಯಲು 6,018 ಅರ್ಜಿ ಬಂದಿದ್ದವು. ಪರಿಶೀಲಿಸಿದಾಗ ಸರಿ ಇದ್ದವು 24 ಮಾತ್ರ. ನಕಲಿ ಹೆಸರು ಸೇರಿಸುತ್ತಾರೆ ಎಂದು ನಮ್ಮ ಪಕ್ಷದವರು ಕೂಗುತ್ತಾರೆ, ಇರುವ ಹೆಸರು ತೆಗೆಯುತ್ತಾರೆ ಎಂದು ಎದುರು ಪಕ್ಷದವರು ಕೂಗುತ್ತಾರೆ. ಪಟ್ಟಿ ಹಿಡಿದು ಮನೆ ಮನೆಗೆ ಹೋಗುವ ಬೂತ್ ಮಟ್ಟದ ಅಧಿಕಾರಿಯ ಜೊತೆ ಒಂದು ಬೆಳಿಗ್ಗೆ ನಡೆದು ನೋಡಿ, ಎರಡೂ ಸಿಗಬಹುದು.

ಕೊನೆಗೆ ಹುಂಡಿ. ಹಾಕಬೇಡಿ. ಹುಂಡಿಗೆ ಬಿದ್ದ ಮಾತ್ರಕ್ಕೆ ಕಾನೂನಿನಲ್ಲಿ ಏನೂ ಬದಲಾಗುವುದಿಲ್ಲ, ಕೊಟ್ಟವನಿಗೂ ಏನೂ ತಟ್ಟುವುದಿಲ್ಲ. ನಿಮಗೆ ಅವನ ಪರಿಚಯ ಇದ್ದೇ ಇರುತ್ತದೆ. ಅವನ ಕೈಗೇ ವಾಪಸ್ ಕೊಡಿ, ಮುಂದಿನ ಸಲ ಬಾಗಿಲಿಗೆ ಬರಬೇಡ ಎನ್ನಿ. ಬಂದರೆ, "ನಮ್ಮ ಮನೆ ವೋಟು ಯಾವತ್ತೂ ನಿಮಗೇ ಬಿದ್ದಿದೆ. ದುಡ್ಡು ಹಿಡಿದು ಬಂದರೆ ಈ ಸಲ ಬೀಳಲ್ಲ" ಎಂದು ಹೇಳಿ ಕಳಿಸಿ. ವಿರೋಧಿಯ ಮನೆಯಲ್ಲಿ ಬೈಸಿಕೊಂಡರೆ ಅವನಿಗೆ ಏನೂ ಅನಿಸುವುದಿಲ್ಲ. ಖಾಯಂ ವೋಟಿನ ಮನೆಯವರು ಹೀಗೆ ಹೇಳಿದರೆ ಅದು ಮುಖಂಡರವರೆಗೂ ಹೋಗುತ್ತದೆ. ನಿಮ್ಮ ಪಾಲಿನ ನೋಟು ಪಟ್ಟಿ ಹಿಡಿದವನ ಜೇಬಿಗೇ ಹೋಗಬಹುದು. ಹೋಗಲಿ ಬಿಡಿ, ಅದರ ಲೆಕ್ಕ ಅವನೂ ಅವನ ಮುಖಂಡನೂ ನೋಡಿಕೊಳ್ಳಲಿ.