ಆಲ್ಝೈಮರ್ ಟಿಪ್ಪಣಿ: ಔಷಧದಿಂದ ರೋಗ ಶೇಕಡಾ 27 ನಿಧಾನ ಅಂದರೆ ನಿಜಕ್ಕೂ ಎಷ್ಟು?

ಮಧ್ಯಾಹ್ನದ ಊಟ. ತಟ್ಟೆಯಲ್ಲಿ ಹೂಕೋಸು, ಹಂದಿ ಮಾಂಸ. ಏನು ತಿನ್ನುತ್ತಿದ್ದೀರಿ ಅಂತ ಡಾಕ್ಟರ್ ಕೇಳುತ್ತಾರೆ. ಆಕೆ ಪಾಲಕ್ ಅನ್ನುತ್ತಾರೆ. ಗಂಡನ ಹೆಸರು? 'ಆಗುಸ್ಟೆ ಇರಬೇಕು.' ಅದು ಆಕೆಯದೇ ಹೆಸರು. ಇದು 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಡೆದದ್ದು. ರೋಗಿ ಆಗುಸ್ಟೆ ಡೀಟರ್, ಬರೆದುಕೊಂಡವರು ಡಾ. ಆಲೋಯಿಸ್ ಆಲ್ಝೈಮರ್. ಈ ಮರೆವಿನ ರೋಗಕ್ಕೆ ಮುಂದೆ ಅವರದೇ ಹೆಸರು ಬಂತು. ಅರವತ್ತಕ್ಕೆ ಅರಳುಮರಳು ಅನ್ನುತ್ತೇವಲ್ಲ, ಆಕೆಗೆ ಆಗ ಬರೀ 51.

1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳಿನ ತೆಳು ಚೂರುಗಳಿಗೆ ಬೆಳ್ಳಿಯ ಬಣ್ಣ ಕಟ್ಟಿ ನೋಡಿದರು. ನರಕೋಶಗಳ ಹೊರಗೆ ಗಟ್ಟಿ ಗುಪ್ಪೆಗಳು, ಅವು ಪ್ಲಾಕ್. ಕೋಶದ ಒಳಗೆ ಸಿಕ್ಕುಬಿದ್ದ ನೂಲಿನಂಥವು, ಅವು ಟ್ಯಾಂಗಲ್. ನಾನು ಇವೆರಡನ್ನೂ ಅದಲುಬದಲು ಮಾಡ್ತಾ ಇದ್ದೆ. ಸಿಕ್ಕು ಮನೆಯೊಳಗೆ, ಕಸ ಬೀದಿಯಲ್ಲಿ ಅಂತ ನೆನಪಿಟ್ಟುಕೊಂಡ ಮೇಲೆ ಸರಿಹೋಯಿತು.

ಬೀದಿಯ ಕಸ ಬೀಟಾ ಅಮಿಲಾಯ್ಡ್. ಎಪಿಪಿ ಎಂಬ ಪ್ರೋಟೀನನ್ನು ಎರಡು ಕಿಣ್ವಗಳು ಕತ್ತರಿಸಿದಾಗ ಉಳಿಯುವ ತುಂಡು ಇದು. 42 ಅಮೈನೋ ಆಮ್ಲಗಳ ತುಂಡು ಜಾಸ್ತಿ ಅಂಟು. ಎಪಿಪಿ ಜೀನ್ ಇರುವುದು 21ನೇ ಕ್ರೋಮೋಸೋಮಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಆ ಕ್ರೋಮೋಸೋಮ್ ಮೂರಿರುತ್ತದೆ, ಅವರಿಗೆ ಆಲ್ಝೈಮರ್ ಬೇಗ ಬರುವ ಸಂಭವವೂ ಜಾಸ್ತಿ. ಅಮಿಲಾಯ್ಡೇ ಮೂಲ ಅನ್ನುವ ವಾದಕ್ಕೆ ಇದು ದೊಡ್ಡ ಬಲ. ಮನೆಯೊಳಗಿನ ಸಿಕ್ಕು ಟೌ ಪ್ರೋಟೀನ್. ಮರೆವು ಎಷ್ಟು ಬೆಳೆದಿದೆ ಅನ್ನುವುದಕ್ಕೆ ಪ್ಲಾಕ್‌ಗಿಂತ ಇದೇ ಹೆಚ್ಚು ತಾಳೆಯಾಗುತ್ತದೆ.

ಹಳೆಯ ಮಾತ್ರೆಗಳದ್ದು ಎರಡೇ ಮಾತು. ಡೊನೆಪೆಜಿಲ್, 1996ರಿಂದ ಇದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಒಡೆಯದಂತೆ ತಡೆದು ಸ್ವಲ್ಪ ಕಾಲ ಅನುಕೂಲ ಮಾಡುತ್ತದೆ, ಆದರೆ ರೋಗ ತನ್ನ ಪಾಡಿಗೆ ಮುಂದೆ ಹೋಗ್ತಾನೇ ಇರುತ್ತದೆ.

ಕಸವನ್ನೇ ಗುಡಿಸುವ ಪ್ರಯತ್ನ ಸುಲಭವಾಗಿ ಕೈಗೂಡಲಿಲ್ಲ. ಅಮಿಲಾಯ್ಡ್ ವಿರುದ್ಧದ ಮೊದಲ ಲಸಿಕೆಯ ಪ್ರಯೋಗ 2002ರಲ್ಲಿ ನಿಂತಿತು, ಕೆಲವರಿಗೆ ಮಿದುಳಿನ ಉರಿಯೂತ ಬಂದಿತ್ತು. ಆಮೇಲೆ ಬಂದ ಎಷ್ಟೋ ಔಷಧಗಳು ಸೋತವು. 2023ರಲ್ಲಿ ಅಮೆರಿಕದಲ್ಲಿ ಅಮಿಲಾಯ್ಡ್ ಗುಡಿಸುವ ಔಷಧ ಲೆಕಾನೆಮ್ಯಾಬ್‌ಗೆ ಪೂರ್ಣ ಅನುಮತಿ ಸಿಕ್ಕಿತು. 'ರೋಗ ಶೇಕಡಾ 27 ನಿಧಾನ' ಅಂತ ಸುದ್ದಿಯಾಯಿತು.

ಇಲ್ಲಿ ಪೆನ್ನು ಹಿಡಿದು ಲೆಕ್ಕ ಹಾಕಿ. ಆ ಔಷಧದ ಪ್ರಯೋಗದಲ್ಲಿ ರೋಗಿಗಳ ಸ್ಥಿತಿಯನ್ನು ಅಂಕ ಕೊಟ್ಟು ಅಳೆದರು. ನೆನಪು, ದಿಕ್ಕು-ದಿನದ ಅರಿವು, ಮನೆಗೆಲಸ, ಸ್ವಂತ ಆರೈಕೆ ಹೀಗೆ ಆರು ವಿಷಯ, ಒಂದೊಂದಕ್ಕೂ 3, ಒಟ್ಟು 18 ಅಂಕ. ಅಂಕ ಏರಿದಷ್ಟೂ ಸ್ಥಿತಿ ಕೆಟ್ಟಿದೆ ಅಂತ. 18 ತಿಂಗಳಲ್ಲಿ ಔಷಧ ಇಲ್ಲದವರದು ಸರಾಸರಿ 1.66 ಏರಿತು, ಔಷಧ ಪಡೆದವರದು 1.21. ವ್ಯತ್ಯಾಸ 0.45. ಅದನ್ನು 1.66ರಿಂದ ಭಾಗಿಸಿದರೆ ಬರುವುದೇ ಆ 27. ಸುಳ್ಳೇನಲ್ಲ, ಆದರೆ 18ರಲ್ಲಿ ಅರ್ಧ ಅಂಕವೂ ಇಲ್ಲ ಅಲ್ವಾ? ಎರಡೂ ಗುಂಪಿನ ಸ್ಥಿತಿ ಕೆಟ್ಟಿತು, ಒಂದು ಸ್ವಲ್ಪ ನಿಧಾನವಾಗಿ. ಇದಕ್ಕಾಗಿ ಎರಡು ವಾರಕ್ಕೊಮ್ಮೆ ಡ್ರಿಪ್, ನಡುನಡುವೆ ಎಂಆರ್‌ಐ. ಯಾಕೆಂದರೆ ಮಿದುಳು ಊದಿಕೊಳ್ಳಬಹುದು, ಸಣ್ಣ ರಕ್ತಸ್ರಾವ ಆಗಬಹುದು. ಆಲ್ಝೈಮರ್ ಬರುವ ಸಂಭವ ಹೆಚ್ಚಿಸುವ ಎಪಿಒಇ4 ಜೀನಿನ ಎರಡು ಪ್ರತಿ ಇದ್ದವರಿಗೆ ಈ ಅಪಾಯ ಜಾಸ್ತಿ.

ಪ್ಲಾಕ್ ಮಾತ್ರ ಚೆನ್ನಾಗಿಯೇ ಕರಗಿತ್ತು. ಹಾಗಿದ್ದರೂ ಲಾಭ ಇಷ್ಟೇ ಯಾಕೆ? ಅಮಿಲಾಯ್ಡ್ ಸೇರಲು ಶುರುವಾಗುವುದು ಮರೆವು ಕಾಣುವ 15-20 ವರ್ಷ ಮೊದಲೇ. ನಾವು ಪೊರಕೆ ಹಿಡಿಯುವ ಹೊತ್ತಿಗೆ ಎಷ್ಟೋ ನರಕೋಶಗಳು ಸತ್ತಿರುತ್ತವೆ, ಅವು ವಾಪಸ್ ಬರೋದಿಲ್ಲ. ನನಗೆ ಒಪ್ಪಿಗೆಯಾಗುವ ಉತ್ತರ ಇದು. ಅಮಿಲಾಯ್ಡೇ ಮುಖ್ಯ ಕಾರಣವಲ್ಲ ಅನ್ನುವವರೂ ಇದ್ದಾರೆ.

ಹಾಗಾಗಿ ಈಗ ಆರೋಗ್ಯವಾಗಿರುವವರನ್ನೇ ವರ್ಷಾನುಗಟ್ಟಲೆ ಗಮನಿಸುವ ಅಧ್ಯಯನಗಳು ನಡೆಯುತ್ತಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಜೊತೆ ಇದನ್ನೇ ಮಾಡುತ್ತಿದೆ. ಹಳ್ಳಿಯಲ್ಲಿ ಇನ್ನೊಂದು ತೊಡಕಿದೆ. ಎಲ್ಲೆಡೆ ಬಳಸುವ 30 ಅಂಕದ ಮರೆವಿನ ಪರೀಕ್ಷೆಯಲ್ಲಿ 'ಕಣ್ಣು ಮುಚ್ಚಿ' ಅನ್ನೋದನ್ನು ಓದಿ ಹಾಗೆ ಮಾಡಬೇಕು, ಒಂದು ವಾಕ್ಯವನ್ನೂ ಬರೆಯಬೇಕು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಅಲ್ಲೇ ಎರಡು ಅಂಕ ಹೋಯಿತು. ಹಾಗಾಗಿ ಮರೆವಿನ ರೋಗಿಯ ಕೇಸ್ ಬರೆಯುವಾಗ ವಯಸ್ಸಿನ ಪಕ್ಕದಲ್ಲೇ ಎಷ್ಟು ಓದಿದ್ದಾರೆ ಅಂತಲೂ ಬರೆದುಕೊಳ್ಳಿ.