ಪದ ಪರಿಚಯ: ಡೋರ್ ಫೋನ್ ಎಕ್ಸ್‌ಟೆನ್ಶನ್

ಹೊರಗೆ ನಿಂತವರು ಬಾಗಿಲ ಪಕ್ಕದ ಬಟನ್ ಒತ್ತುತ್ತಾರೆ. ಒಳಗೆ ರಿಸೆಪ್ಶನ್ ಮೇಜಿನ ಫೋನ್ ರಿಂಗ್ ಆಗುತ್ತದೆ. ಎತ್ತಿ ಮಾತಾಡಿ ಒಂದು ಅಂಕಿ ಒತ್ತಿದರೆ ಲಾಕ್ ತೆರೆಯುತ್ತದೆ. ಹೀಗೆ ಆಫೀಸಿನ ಪಿಬಿಎಕ್ಸ್‌ಗೆ (ಒಳಗಿನ ಫೋನುಗಳನ್ನು ಜೋಡಿಸುವ ಎಕ್ಸ್‌ಚೇಂಜಿಗೆ) ಸೇರಿಕೊಂಡ ಬಾಗಿಲ ಇಂಟರ್‌ಕಾಮೇ ಡೋರ್ ಫೋನ್ ಎಕ್ಸ್‌ಟೆನ್ಶನ್.

ಪಿಬಿಎಕ್ಸ್‌ಗೆ ಬಾಗಿಲೂ ಒಂದೇ, ಮ್ಯಾನೇಜರ್ ಮೇಜೂ ಒಂದೇ. ಎರಡಕ್ಕೂ ಒಂದೊಂದು ಒಳ ನಂಬರ್, ಅದೇ ಎಕ್ಸ್‌ಟೆನ್ಶನ್. ಹಾಗಾಗಿ ರಿಸೆಪ್ಶನ್‌ನಲ್ಲಿ ಯಾರೂ ಎತ್ತದಿದ್ದರೆ ಕರೆಯನ್ನು ಇನ್ನೊಂದು ಮೇಜಿಗೆ ತಿರುಗಿಸಬಹುದು. ರಾತ್ರಿ ಹೊತ್ತು ಮೊಬೈಲಿಗೂ ಕಳಿಸಬಹುದು.

ಇದರಲ್ಲಿ ಅನಲಾಗ್ (ಹಳೆಯ ಟೆಲಿಫೋನ್ ತಂತಿಯದು) ಮತ್ತು ಐಪಿ (ಕಂಪ್ಯೂಟರ್ ನೆಟ್‌ವರ್ಕಿನದು) ಎಂದು ಎರಡು ಬಗೆ. ಅನಲಾಗ್ ಡೋರ್ ಫೋನಿಗೆ ಒಂದು ಜೊತೆ ತಂತಿ ಸಾಕು. ಐಪಿ ಡೋರ್ ಫೋನಿಗೆ ನೆಟ್‌ವರ್ಕ್ ಕೇಬಲ್ ಬೇಕು. ಅದು ಎಸ್‌ಐಪಿ ಎಂಬ, ಕರೆ ಜೋಡಿಸುವ ಪ್ರೋಟೋಕಾಲ್‌ನಲ್ಲಿ ಪಿಬಿಎಕ್ಸ್ ಜೊತೆ ವ್ಯವಹರಿಸುತ್ತದೆ. ನೆಟ್‌ವರ್ಕ್ ಕೇಬಲುಗಳು ಬಂದು ಸೇರುವ ಪೆಟ್ಟಿಗೆಯೇ ಸ್ವಿಚ್. ಅದರಲ್ಲಿ ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕೊಡುವ ವ್ಯವಸ್ಥೆ) ಇದ್ದರೆ ಕರೆಂಟೂ ಅದೇ ಕೇಬಲ್‌ನಲ್ಲಿ ಬರುತ್ತದೆ. 2003ರ ಮೊದಲ ಪಿಒಇ ಮಾನದಂಡದಲ್ಲಿ ಸ್ವಿಚ್ ಒಂದು ಪೋರ್ಟಿಗೆ 15.4 ವ್ಯಾಟ್‌ವರೆಗೆ ಕೊಡುತ್ತದೆ. ಸ್ವಿಚ್‌ನಿಂದ ಬಾಗಿಲಿಗೆ ಕೇಬಲ್ 100 ಮೀಟರ್ ದಾಟಬಾರದು.

ಗೊಂದಲ ಆಗುವುದು ಗೋಡೆಯ ಸಾಕೆಟ್ ಹತ್ತಿರ. ಈಗ ಫೋನಿಗೂ ಕಂಪ್ಯೂಟರಿಗೂ ಕ್ಯಾಟ್ 6 ಕೇಬಲನ್ನೇ ಎಳೆಯುತ್ತಾರೆ. ಸಾಕೆಟ್ ಎರಡಕ್ಕೂ ಆರ್‌ಜೆ45. ಫೋನಿನ ಚಿಕ್ಕ ಆರ್‌ಜೆ11 ಪ್ಲಗ್ ಕೂಡ ಅದರೊಳಗೆ ಕೂರುತ್ತದೆ. ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ಆ ಸಾಕೆಟ್ ಫೋನಿನದೋ ನೆಟ್‌ವರ್ಕಿನದೋ ಅನ್ನುವುದು ಪ್ಯಾಚ್ ಪ್ಯಾನೆಲ್‌ನಲ್ಲಿ (ಗೋಡೆಯ ಕೇಬಲುಗಳೆಲ್ಲ ಬಂದು ಸೇರುವ ಫಲಕದಲ್ಲಿ) ಅದನ್ನು ಯಾವುದಕ್ಕೆ ಜೋಡಿಸಿದ್ದಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ಅನಲಾಗ್ ಲೈನಿನಲ್ಲಿ ಸುಮ್ನೆ ಇದ್ದಾಗ ಸುಮಾರು 48 ವೋಲ್ಟ್ ಇರುತ್ತದೆ, ರಿಂಗ್ ಆಗುವಾಗ ಸುಮಾರು 90 ವೋಲ್ಟ್ ಎಸಿ ಬರಬಹುದು. ಲ್ಯಾಪ್‌ಟಾಪನ್ನು ಅದಕ್ಕೆ ಚುಚ್ಚಿದರೆ ಅದರ ನೆಟ್‌ವರ್ಕ್ ಪೋರ್ಟ್ ಕೆಡಬಹುದು. ಪ್ಯಾನೆಲ್ ಮೇಲೆ ಲೇಬಲ್ ಅಂಟಿಸುವುದು ಸಣ್ಣ ಕೆಲಸ, ದಯವಿಟ್ಟು ಬಿಡಬೇಡಿ.

ಹಳೆಯ ಅನಲಾಗ್ ಡೋರ್ ಫೋನನ್ನು ಹೊಸ ಐಪಿ ಪಿಬಿಎಕ್ಸ್‌ಗೆ ಸೇರಿಸಲು ನಡುವೆ ಗೇಟ್‌ವೇ, ಅಂದರೆ ಎರಡನ್ನೂ ಬೆಸೆಯುವ ಪೆಟ್ಟಿಗೆ, ಹಾಕುತ್ತಾರೆ. ಸಾಮಾನ್ಯವಾಗಿ ಎಫ್‌ಎಕ್ಸ್‌ಎಸ್ ಪೋರ್ಟ್ ಇರುವುದು ಬೇಕು, ಅಂದರೆ ಲೈನಿಗೆ ಕರೆಂಟ್ ಕೊಟ್ಟು ರಿಂಗ್ ಮಾಡಿಸುವ ಪೋರ್ಟ್. ಕೆಲವು ಡೋರ್ ಫೋನುಗಳು ಹೊರಗಿನ ಲೈನಿನ ಹಾಗೆ ವರ್ತಿಸುತ್ತವೆ. ಅವಕ್ಕೆ ಎಫ್‌ಎಕ್ಸ್‌ಒ ಬೇಕು, ಅಂದರೆ ಹೊರಗಿನ ಲೈನನ್ನು ತೆಗೆದುಕೊಳ್ಳುವ ಪೋರ್ಟ್. ಕೊಳ್ಳುವ ಮುಂಚೆ ಕೇಳಿಕೊಳ್ಳಿ.

ಮಾತು ಸ್ಪಷ್ಟವಾಗಿ ಕೇಳುತ್ತದೆ, ಆದರೆ ಅಂಕಿ ಒತ್ತಿದರೂ ಬಾಗಿಲು ತೆರೆಯುವುದಿಲ್ಲ. ಇಂಥ ತೊಂದರೆ ಬಂದರೆ ಮೊದಲು ಡಿಟಿಎಂಎಫ್ ಸೆಟ್ಟಿಂಗ್ ನೋಡಿ. ಅಂಕಿ ಒತ್ತಿದಾಗ ಹುಟ್ಟುವ ಜೋಡಿ ಸ್ವರವೇ ಡಿಟಿಎಂಎಫ್. ಐಪಿ ಕರೆಯಲ್ಲಿ ಅದು ಧ್ವನಿಯೊಳಗೇ ಹೋಗಬಹುದು, ಬೇರೆ ಪ್ಯಾಕೆಟ್ ಆಗಿಯೂ ಹೋಗಬಹುದು. ಫೋನು, ಪಿಬಿಎಕ್ಸ್, ಡೋರ್ ಫೋನ್ ಮೂರರಲ್ಲೂ ಒಂದೇ ವಿಧಾನ ಇಡಬೇಕು. ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಧ್ವನಿಯನ್ನು ಜಾಸ್ತಿ ಕುಗ್ಗಿಸುವ ಕೋಡೆಕ್ ಇದ್ದರೆ ಸ್ವರ ಕೆಡುತ್ತದೆ, ಹಾಗಾಗಿ ಬೇರೆ ಪ್ಯಾಕೆಟ್ಟೇ ವಾಸಿ.

ಲಾಕ್ ತೆರೆಯುವ ರಿಲೇ (ಕರೆಂಟಿನಿಂದ ನಡೆಯುವ ಸಣ್ಣ ಸ್ವಿಚ್) ಎಲ್ಲಿದೆ ಅಂತಲೂ ನೋಡಿ. ಅದು ಹೊರಗಿನ ಪೆಟ್ಟಿಗೆಯಲ್ಲೇ ಇದ್ದರೆ, ಸ್ಕ್ರೂ ಬಿಚ್ಚಿ ಎರಡು ತಂತಿ ಮುಟ್ಟಿಸಿದವರಿಗೆ ಬಾಗಿಲು ತೆರೆದುಬಿಡಬಹುದು. ಗೋಡೆಯ ಒಳಬದಿಯಲ್ಲಿ ಪ್ರತ್ಯೇಕ ರಿಲೇ ಹಾಕಿದರೆ ಈ ದಾರಿ ಮುಚ್ಚುತ್ತದೆ. ನೆಟ್‌ವರ್ಕ್ ಕೇಬಲಿಗೂ ಇದೇ ಎಚ್ಚರ ಬೇಕು. ಪೆಟ್ಟಿಗೆ ಕಿತ್ತರೆ ಆಫೀಸ್ ನೆಟ್‌ವರ್ಕಿನ ತುದಿಯೇ ಬೀದಿಯಲ್ಲಿ ಸಿಕ್ಕಂತೆ, ಅಲ್ವಾ? ಆ ಪೋರ್ಟನ್ನು ಬೇರೆ ವಿಎಲ್ಎಎನ್‌ನಲ್ಲಿ (ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ಭಾಗದಲ್ಲಿ) ಇಟ್ಟು, ಪಿಬಿಎಕ್ಸ್ ಬಿಟ್ಟು ಬೇರೇನೂ ತಲುಪದಂತೆ ಕಟ್ಟಬೇಕು.