‘ಆಗಾಗ’ ಬೀಳುವ ಸರ್ವರ್ ನಿಜಕ್ಕೂ ಆಗಾಗ ಬೀಳುತ್ತದಾ?

"ಸರ್, ಮತ್ತೆ ಬಿತ್ತು." ಜುಲೈನ ಜಡಿಮಳೆಯಲ್ಲಿ ಶಿವಮೊಗ್ಗದ ಒಂದು ಅಡಿಕೆ ಮಂಡಿಯಿಂದ ಮೂರು ದಿನ ಇದೇ ಫೋನ್. ಬೆಳೆಗಾರರು ದರ ನೋಡುವ ಪುಟ ಆಗಾಗ ಖಾಲಿ ಬರುತ್ತಿತ್ತು. ಕರೆಂಟ್ ಹೋಗಿ ಬರುತ್ತಿದ್ದ ದಿನಗಳಾದ್ದರಿಂದ ಎಲ್ಲರ ಅನುಮಾನ ಯುಪಿಎಸ್ ಮೇಲೆ. ಪ್ರತಿ ಸಲ ಸರ್ವರ್ ಆಫ್ ಮಾಡಿ ಆನ್ ಮಾಡುತ್ತಿದ್ದರು.

ಅದರಿಂದ ಏನೂ ಪ್ರಯೋಜನ ಇರಲಿಲ್ಲ. ಅಲ್ಲಿದ್ದದ್ದು ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ, ಅದರೊಳಗೆ ಪುಟ ಸಿದ್ಧಪಡಿಸುವ ಪಿಎಚ್‌ಪಿ ಭಾಷೆಯ ಮಾಡ್ಯೂಲ್, ಪ್ರಿಫೋರ್ಕ್ ವಿಧಾನ. ಇದರಲ್ಲಿ ಒಂದೊಂದು ಮರಿ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂನ ಒಂದು ಪ್ರತಿ) ಒಂದು ಸಲಕ್ಕೆ ಒಬ್ಬರ ಕೋರಿಕೆಯನ್ನಷ್ಟೇ ನೋಡಿಕೊಳ್ಳುತ್ತದೆ. ಅದು ಸತ್ತರೆ ತಾಯಿ ಪ್ರೊಸೆಸ್ ತಾನೇ ಇನ್ನೊಂದನ್ನು ಹುಟ್ಟಿಸುತ್ತದೆ. ಎರರ್ ಲಾಗ್‌ನಲ್ಲಿ ಮಾತ್ರ ‘ಸೆಗ್ಮೆಂಟೇಷನ್ ಫಾಲ್ಟ್ (11)’, ಅಂದರೆ ಮುಟ್ಟಬಾರದ ಮೆಮೊರಿ ಮುಟ್ಟಲು ಹೋಗಿ ಸತ್ತಿತು ಎಂಬ ಒಂದು ಸಾಲು ಉಳಿಯುತ್ತದೆ. ಯಾವ ಪುಟ, ಯಾರು ಕೇಳಿದರು ಎಂಬುದು ಅದರಲ್ಲಿ ಇರುವುದಿಲ್ಲ.

ಹಾಗಾದರೆ ಬಂದ ಕೋರಿಕೆಗಳನ್ನು ಬರೆದಿಡುವ ಆಕ್ಸೆಸ್ ಲಾಗ್ ನೋಡಿದರಾಯ್ತು ಅಲ್ವಾ? ಇಲ್ಲೇ ತುಂಬಾ ಜನ ಎಡವುತ್ತಾರೆ. ಅಪಾಚೆ ಆ ಲಾಗ್ ಬರೆಯುವುದು ಕೆಲಸ ಮುಗಿದ ಮೇಲೆ. ನಡುವೆ ಸತ್ತ ಪ್ರೊಸೆಸ್ ಏನನ್ನೂ ಬರೆಯುವುದಿಲ್ಲ. ನಮಗೆ ಬೇಕಾದ ಕೋರಿಕೆ ಒಂದೇ ಅಲ್ಲಿ ಕಾಣೆಯಾಗಿರುತ್ತದೆ.

ಅದಕ್ಕೆ ನಾನು ಮೊದಲು ಹಾಕುವುದು ಅಪಾಚೆಯದೇ ಫೊರೆನ್ಸಿಕ್ ಲಾಗ್ ಮಾಡ್ಯೂಲ್. ಕೋರಿಕೆ ಬಂದ ಕೂಡಲೇ ಪ್ಲಸ್ ಗುರುತಿನ ಒಂದು ಸಾಲು, ಮುಗಿದಾಗ ಮೈನಸ್ ಗುರುತಿನ ಇನ್ನೊಂದು. ಮೈನಸ್ ಜೊತೆ ಸಿಗದೆ ಉಳಿದ ಪ್ಲಸ್ಸೇ ನಮ್ಮ ಕೋರಿಕೆ. ಮಂಡಿಯಲ್ಲಿ ಒಂದು ರಾತ್ರಿ ಹಾಕಿಟ್ಟೆ. ಬೆಳಿಗ್ಗೆ ಹಾಗೆ ಒಂಟಿಯಾಗಿ ಉಳಿದಿದ್ದ ಸಾಲುಗಳೆಲ್ಲ ಒಂದೇ ವಿಳಾಸದವು! ಸರ್ವರ್ ‘ಆಗಾಗ’ ಬೀಳುತ್ತಿರಲಿಲ್ಲ. ಯಾರಾದರೂ ಅಡಿಕೆಯ ಒಂದು ಬಗೆಯ ಮೇಲೆ ಒತ್ತಿದಾಗಲೆಲ್ಲ ಬೀಳುತ್ತಿತ್ತು. ರಾಶಿ, ಬೆಟ್ಟೆ, ಸರಕು, ಗೊರಬಲು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಹೊಸದಾಗಿ ಸೇರಿಸಿದ್ದ ಒಂದೇ ಒಂದು ಹೆಸರಿಗೆ ಮಾತ್ರ.

ಬೇಕೆಂದಾಗ ಬೀಳಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಸರ್ವರ್‌ನ ಒಂದು ನಕಲನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಎಬ್ಬಿಸಿದೆ. ಮೈನಸ್ ದೊಡ್ಡ ಎಕ್ಸ್ (-X) ಆಯ್ಕೆ ಕೊಟ್ಟರೆ ಅಪಾಚೆ ಮರಿಗಳಿಲ್ಲದೆ ಒಂದೇ ಪ್ರೊಸೆಸ್ ಆಗಿ ಓಡುತ್ತದೆ. ಅದನ್ನು ಜಿಡಿಬಿ ಎಂಬ ದೋಷ ಹುಡುಕುವ ಉಪಕರಣದ ಒಳಗೆ ಓಡಿಸಿ ಆ ಪುಟ ತೆರೆದೆ. ಬಿತ್ತು. ಬ್ಯಾಕ್‌ಟ್ರೇಸ್, ಅಂದರೆ ಬಿದ್ದ ಹೊತ್ತಿಗೆ ಯಾವ ಫಂಕ್ಷನ್ (ಕೋಡ್‌ನ ತುಂಡು) ಯಾವುದನ್ನು ಕರೆದಿತ್ತು ಎಂಬ ಪಟ್ಟಿ, ಕೇಳಿದರೆ ಸಾವಿರಾರು ಸಾಲು, ಅದೇ ಎರಡು ಮೂರು ಹೆಸರು ತಿರುತಿರುಗಿ. ಪ್ರತಿ ಸುತ್ತಿನಲ್ಲೂ ಅರೇ ಮ್ಯಾಪ್, ಅಂದರೆ ಪಟ್ಟಿಯ ಒಂದೊಂದಕ್ಕೂ ಒಂದು ಫಂಕ್ಷನ್ ಓಡಿಸುವ ಪಿಎಚ್‌ಪಿಯದೇ ಫಂಕ್ಷನ್. ರ‍್ಯಾಮ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೊಂದು ಸಲ ಒಂದೊಂದು ಕಡೆ ಬೀಳುತ್ತದೆ. ಹೀಗೆ ಪ್ರತಿ ಸಲ ಒಂದೇ ಜಾಗ ಆದರೆ ಕೋಡ್ ಅಥವಾ ಡೇಟಾ ನೋಡಬೇಕು.

ತಪ್ಪು ಡೇಟಾದಲ್ಲಿತ್ತು. ಆ ಬಗೆಯ ‘ಮೇಲಿನ ಗುಂಪು’ ಎಂಬ ಜಾಗಕ್ಕೆ ಅದರದೇ ನಂಬರು ಬಿದ್ದಿತ್ತು. ಅದರೊಳಗೆ ಅದೇ ಸಿಗುತ್ತಿದ್ದರಿಂದ, ಒಳಗಿನ ಬಗೆಗಳನ್ನು ಹುಡುಕುವ ಫಂಕ್ಷನ್ ಮತ್ತೆ ಮತ್ತೆ ತನ್ನನ್ನೇ ಕರೆಯುತ್ತಿತ್ತು. ಪಿಎಚ್‌ಪಿ 7ರಿಂದ ಈಚೆಗೆ, ಫಂಕ್ಷನ್ ನೇರವಾಗಿ ತನ್ನನ್ನೇ ಕರೆದರೆ ಮೆಮೊರಿ ಮಿತಿ ಮುಗಿದು ಒಂದು ಸ್ಪಷ್ಟವಾದ ಎರರ್ ಬರುತ್ತದೆ. ನಡುವೆ ಅರೇ ಮ್ಯಾಪ್‌ನಂಥ ಒಳಗಿನ ಫಂಕ್ಷನ್ ಇದ್ದರೆ ಪ್ರತಿ ಸುತ್ತಿಗೂ ಪಿಎಚ್‌ಪಿಯನ್ನು ಬರೆದಿರುವ ಸಿ ಭಾಷೆಯ ಸ್ಟ್ಯಾಕ್ (ಕರೆಗಳ ಲೆಕ್ಕ ಇಡುವ, ಮಿತಿಯಿರುವ ಮೆಮೊರಿ) ಖರ್ಚಾಗುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 8 ಎಂಬಿ. ಮುಗಿದ ಕೂಡಲೇ ಒಂದು ಮಾತೂ ಹೇಳದೆ ಪ್ರೊಸೆಸ್ ಸಾಯುತ್ತದೆ. ಪಿಎಚ್‌ಪಿ 8.3 ಇದನ್ನು ಮೊದಲೇ ಗುರುತಿಸಿ ಎರರ್ ಕೊಡುತ್ತದೆ. ಅಲ್ಲಿದ್ದದ್ದು ಅದಕ್ಕಿಂತ ಹಳೆಯದು.

ಇನ್ನೊಂದು ವಿಷಯ ಹೇಳಲೇಬೇಕು. ಬೇಕೆಂದಾಗ ಬೀಳಿಸಲು ಆಗದಿದ್ದರೆ ಸಾಯುವ ಪ್ರೊಸೆಸ್‌ನಿಂದ ಕೋರ್ ಡಂಪ್ ಎಂಬ ಫೈಲ್ ತೆಗೆಯಬೇಕಾಗುತ್ತದೆ. ಆ ಫೈಲ್‌ನಲ್ಲಿ ಪ್ರೊಸೆಸ್‌ನ ಮೆಮೊರಿಯಲ್ಲಿದ್ದದ್ದು ಇರುತ್ತದೆ. ಡೇಟಾಬೇಸ್ ಪಾಸ್‌ವರ್ಡ್, ಬೆಳೆಗಾರರ ಫೋನ್ ನಂಬರ್ ಕೂಡ ಇರಬಹುದು. ಸುಮ್ನೆ ವಾಟ್ಸ್ಆ್ಯಪ್‌ನಲ್ಲಿ ಯಾರಿಗೋ ಕಳಿಸಬೇಡಿ. ಕೆಲಸ ಮುಗಿದ ಕೂಡಲೇ ಅಳಿಸಿ.

ಮಂಡಿಯಲ್ಲಿ ಆ ನಂಬರು ತಿದ್ದಲು ಒಂದು ನಿಮಿಷ ಸಾಕಾಯಿತು. ಈಗಾಗಲೇ ನೋಡಿದ ಗುಂಪು ಮತ್ತೆ ಬಂದರೆ ನಿಲ್ಲುವಂತೆ ಕೋಡ್ ಬದಲಿಸಲು ಒಂದು ಮಧ್ಯಾಹ್ನ ಹಿಡಿಯಿತು. ಆಮೇಲೆ ಬೇಕೆಂದೇ ನಕಲಿನಲ್ಲಿ ಆ ತಪ್ಪು ನಂಬರನ್ನು ಮತ್ತೆ ಹಾಕಿ ಪುಟ ತೆರೆದೆ. ದರ ಬಂತು.